ಮೂಲೆ ಬಿಟ್ಟ ಹೊಲ

ಚರ್ಚಿನ ಸಭಾಪಾಲನೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಆಗೀಗ ನನ್ನ ಮನೆಗೆ ಬರುತ್ತಾರೆ. ಚೆನ್ನಾಗಿ ಓದಿಕೊಂಡವರು, ಹೀಬ್ರೂ ಗ್ರೀಕು ಎಲ್ಲ ಒಂದಿಷ್ಟು ಬಲ್ಲವರು. ಪ್ರಸಂಗ ಎಷ್ಟು ಹೊತ್ತು ಮಾಡಬೇಕು, ಕಮಿಟಿಯ ಹಿರಿಯರನ್ನು ಹೇಗೆ ನಿಭಾಯಿಸಬೇಕು ಎಂದು ಕೇಳುತ್ತಾರೆ. ನಾನು ತಿರುಗಿಸಿ ಕೇಳುವುದು ಒಂದೇ: ಹೊಲದ ಬದುವಿನ ಮೇಲೆ ಸೈಕಲ್ ಹೊಡೆಯಲು ಬರುತ್ತದೇನಪ್ಪಾ? ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ನಾನೂ ಆ ವಯಸ್ಸಿನಲ್ಲಿ ಹಾಗೇ ಇದ್ದೆ. ಪರಲೋಕದ ಕೆಲಸ ಎಂದುಕೊಂಡು ಬಂದವನು ನಾನು. ಬಂದು ನೋಡಿದರೆ ಮುಕ್ಕಾಲು ಪಾಲು ಮಣ್ಣಿನ ಕೆಲಸ. ಯಾರ ಹೊಲ, ಯಾರ ಗಡಿ, ಸತ್ತವರಿಗೆ ಎಲ್ಲಿ ಜಾಗ, ಬದುಕಿದವರಿಗೆ ಎಲ್ಲಿ ಜಾಗ, ಬರೀ ಇದೇ. ಆಮೇಲೆ ನಿಧಾನವಾಗಿ ಸತ್ಯವೇದವನ್ನು ಮತ್ತೆ ಓದಿದಾಗ ಗೊತ್ತಾಯಿತು, ಅಲ್ಲಿಯೂ ಮುಕ್ಕಾಲು ಪಾಲು ಅದೇ ಇದೆ. ಓದುವಾಗ ನಾವು ಮಣ್ಣನ್ನು ದಾಟಿ ಹೋಗಿಬಿಟ್ಟಿರುತ್ತೇವೆ.

ನಾನು ದಾವಣಗೆರೆಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಆಗ ಊರು ಮಿಲ್ಲಿನ ಸೈರನ್ನಿಗೆ ಎದ್ದು ಸೈರನ್ನಿಗೆ ಮಲಗುತ್ತಿತ್ತು. ನಮ್ಮ ಸಭೆಯವರು ಹೆಚ್ಚಿನಂಶ ಮಿಲ್ಲಿನ ಕೆಲಸಗಾರರು. ನಮಗೆ ಸ್ವಂತ ಮಂದಿರ ಇರಲಿಲ್ಲ. ಆರಾಧನೆ ನಡೆಯುತ್ತಿದ್ದದ್ದು ಒಬ್ಬ ಸಾಹುಕಾರರ ಹತ್ತಿ ಗೋದಾಮಿನಲ್ಲಿ. ಸುಗ್ಗಿ ಬಂತೆಂದರೆ ಅವರು ಹತ್ತಿಯ ಅಂಡಿಗೆಗಳನ್ನು ತಂದು ಛಾವಣಿಯವರೆಗೆ ಒಟ್ಟುತ್ತಿದ್ದರು. ನಾವು ಅವುಗಳ ಸಂದಿಯಲ್ಲಿ ಕೂತು ಕೀರ್ತನೆ ಹಾಡುತ್ತಿದ್ದೆವು. ಅರಳೆ ಹಾರಿ ಹಾರಿ ಬಾಯಿಗೆ ಬರುತ್ತಿತ್ತು. ಆಮೆನ್ ಅನ್ನುವುದಕ್ಕಿಂತ ಸೀನುವವರೇ ಜಾಸ್ತಿ. ಪ್ರಸಂಗ ಉದ್ದವಾದರೆ ಜನ ಎದ್ದು ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು, ನಿಜವಾದ ಕೆಮ್ಮು ಯಾವುದು ನೆಪದ ಕೆಮ್ಮು ಯಾವುದು ನನಗೆ ಕಡೆವರೆಗೂ ಗೊತ್ತಾಗಲಿಲ್ಲ.

ನನಗೆ ಆಗ ಮೂಗಿನ ತುದಿಯಲ್ಲಿ ಕೋಪ. ಅದಕ್ಕೆ ಮೊದಲ ಪಾಠ ಸಿಕ್ಕಿದ್ದು ಹರಿಹರದಲ್ಲಿ. ಅಲ್ಲಿಯೂ ನಮ್ಮ ಸಣ್ಣ ಸಭೆ ಇತ್ತು, ವಾರ ಬಿಟ್ಟು ವಾರ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಹೊಳೆಯ ದಡದ ಹತ್ತಿರ ನಮ್ಮ ಸಮಾಧಿ ಜಾಗ. ಅದರ ಪಕ್ಕ ಖಾದರ್ ಸಾಬ್ ಅನ್ನುವವರು ಬೇಸಿಗೆಯಲ್ಲಿ ಕಲ್ಲಂಗಡಿ ಹಾಕುತ್ತಿದ್ದರು. ಒಂದು ವರ್ಷ ಅವರ ಬಳ್ಳಿ ಗಡಿಕಲ್ಲು ದಾಟಿ ನಮ್ಮ ಜಾಗದೊಳಗೆ ಬಂದು ಕಾಯಿ ಬಿಟ್ಟಿತು. ಗಡಿಕಲ್ಲೂ ಇದ್ದ ಕಡೆ ಇರಲಿಲ್ಲ. ಸಭೆಯವರು ಪೊಲೀಸರಿಗೆ ಕೊಡೋಣ ಅಂದರು. ನೆರೆಯವನ ಗಡಿ ಸರಿಸಿದವನಿಗೆ ಶಾಪ ಎಂದು ಸತ್ಯವೇದದ ಧರ್ಮಶಾಸ್ತ್ರದಲ್ಲಿಯೇ ಇದೆಯಲ್ಲ ಎಂದು ನಾನು ಕೆಂಡವಾಗಿ ಹೋದೆ. ಸಾಬರು ಗುಡಿಸಲ ಮುಂದೆ ಕೂತಿದ್ದರು. ನನ್ನ ಮುಖ ನೋಡಿದ್ದೇ ಒಂದು ಹಣ್ಣು ಒಡೆದರು. ‘ಕೂಡ್ರಿ ಅಯ್ಯನೋರೆ, ಮೊದ್ಲು ತಿನ್ರಿ, ಆಮೇಲೆ ಬೈಯೀರಂತೆ’ ಅಂದರು. ಬಿಸಿಲಲ್ಲಿ ಬಂದಿದ್ದೆ, ತಿಂದೆ. ತಿಂದಮೇಲೆ ಬೈಯುವುದು ಹೇಗೆ?

ಅವರು ನನ್ನನ್ನು ದಡಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಹಿಂದಿನ ಮಳೆಗಾಲದ ಪ್ರವಾಹ ಅವರ ಅರ್ಧ ಹೊಲವನ್ನು ಕೊರೆದುಕೊಂಡು ಹೋಗಿತ್ತು, ಗಡಿಕಲ್ಲನ್ನೂ ಉರುಳಿಸಿತ್ತು. ‘ಹೊಳಿ ಮ್ಯಾಲೆ ಕಂಪ್ಲೇಂಟ್ ಕೊಡಾಕೆ ಬರಲ್ಲಲ್ರಿ. ಅದಕ್ಕೆ ಈ ಕಡೆ ಒಂಚೂರು ಸರ್ಕೊಂಡೆ. ನಿಮ್ಮೋರು ಯಾರೂ ಎದ್ದು ಬಂದು ಬ್ಯಾಡ ಅನ್ಲಿಲ್ಲ’ ಅಂದರು. ನನಗೆ ನಗು ತಡೆಯಲಿಲ್ಲ. ಇಬ್ಬರೂ ಸೇರಿ ಕಲ್ಲನ್ನು ಅದರ ಜಾಗಕ್ಕೆ ಉರುಳಿಸಿ ನೆಟ್ಟೆವು. ಅಂಚಿನಲ್ಲಿ ಅವರು ಬಳ್ಳಿ ಹಾಕಿಕೊಳ್ಳುವುದು, ನಾವು ಹಾಕಿದ ಬೇವಿನ ಸಸಿಗಳಿಗೆ ನೀರು ಹೊಯ್ಯುವುದು, ಹೀಗೆ ಮಾತಾಯಿತು. ಆ ಬೇವು ಎದ್ದ ಮೇಲೆ ಅಲ್ಲಿ ದಡ ಕುಸಿಯುವುದೂ ನಿಂತಿತು. ಆಮೇಲೆ ನಾನು ಯಾವ ಜಮೀನಿನ ಜಗಳಕ್ಕೂ ಜಾಗ ನೋಡದೆ ಬಾಯಿ ತೆರೆಯಲಿಲ್ಲ.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ.

ಕುಕ್ಕುವಾಡದ ಕಡೆ ನಮ್ಮ ಸಭೆಗೆ ಒಂದು ಹೊಲ ಇತ್ತು. ಎರೆ ಮಣ್ಣು, ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು. ಅದನ್ನು ಉಳುತ್ತಿದ್ದವನು ಸಾಮುವೇಲಪ್ಪ. ಹೊಲ ಮೊದಲು ಅವನ ತಂದೆಯದೇ. ಆ ಹಿರಿಯ ಸಾಯುವ ಮುಂಚೆ ಅದನ್ನು ಸಭೆಯ ಹೆಸರಿಗೆ ಬರೆದುಕೊಟ್ಟಿದ್ದ. ಮಗ ಉಳಲಿ, ಬೆಳೆದದ್ದರಲ್ಲಿ ಒಂದು ಪಾಲು ಸಭೆಗೆ ಕೊಡಲಿ ಎಂದು ಬಾಯಿಮಾತಿನಲ್ಲಿ ಹೇಳಿದ್ದನಂತೆ. ಕಾಗದದಲ್ಲಿ ಆ ಮಾತು ಇರಲಿಲ್ಲ. ಸಾಮುವೇಲಪ್ಪ, ಅವನ ಹೆಂಡತಿ ರಾಹೇಲಮ್ಮ, ಮಕ್ಕಳು, ಎಲ್ಲರ ಹೊಟ್ಟೆಯೂ ಆ ಹೊಲದ ಮೇಲೆ. ಅವನು ಮಾತು ಕಮ್ಮಿಯ ಮನುಷ್ಯ. ವೇದದಲ್ಲಿ ಹೀಗಿದೆ ಎಂದು ನಾನು ಹೇಳಿದರೆ ಮುಗಿಯಿತು, ಮಾರನೆಯ ದಿನ ಹಾಗೇ ಮಾಡುವವನು. ಅಂಥವರ ಮುಂದೆ ಪ್ರಸಂಗ ಮಾಡುವಾಗ ಎಚ್ಚರ ಬೇಕು, ಹುಡುಗರೇ. ಉಳಿದವರು ಕೇಳಿ ಮನೆಗೆ ಹೋಗುತ್ತಾರೆ, ಇಂಥವರು ಕೇಳಿ ಹೊಲಕ್ಕೆ ಹೋಗುತ್ತಾರೆ.

ಕಮಿಟಿಯ ಸೆಕ್ರೆಟರಿ ಜ್ಞಾನಪ್ಪ. ಅವನೂ ಕುಕ್ಕುವಾಡದವನೇ, ಆದರೆ ಚಿಕ್ಕಂದಿನಲ್ಲೇ ಊರು ಬಿಟ್ಟು ಮಿಲ್ಲು ಸೇರಿದವನು. ಮಗ್ಗದ ಖಾತೆಯಲ್ಲಿ ಕೆಲಸ. ಅಲ್ಲಿನ ಗದ್ದಲದಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು. ಅವನಿಗೆ ಒಂದೇ ಆಸೆ, ದಾವಣಗೆರೆಯಲ್ಲಿ ಗಂಟೆ ಇರುವ ಒಂದು ಮಂದಿರ ಏಳಬೇಕು. ಅದಕ್ಕೆ ಕಾರಣವೂ ಇತ್ತು. ಅವನ ಮಗಳ ಮದುವೆ ಆ ಗೋದಾಮಿನಲ್ಲೇ, ಅಂಡಿಗೆಗಳ ನಡುವೆ ಆಗಿತ್ತು. ಮದುಮಗಳ ತಲೆಯ ಮೇಲೆಲ್ಲ ಅರಳೆ. ಬೀಗರ ಕಡೆಯವರು ನಕ್ಕರಂತೆ. ಅದನ್ನು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ನನಗೂ ಪಾಪ ಅನಿಸುತ್ತಿತ್ತು.

ಒಂದು ವರ್ಷ, ಜೋಳ ಹಾಲುಗಾಳು ತುಂಬುವ ಕಾಲಕ್ಕೆ, ನಾನು ಭೂಮಿಯ ಬಗ್ಗೆ ಪ್ರಸಂಗ ಮಾಡಿದೆ. ಭೂಮಿಯನ್ನು ಶಾಶ್ವತವಾಗಿ ಮಾರಬಾರದು, ಅದು ದೇವರದು, ನಾವು ಅದರಲ್ಲಿ ಬಂದು ಹೋಗುವ ಒಕ್ಕಲುಗಳು. ಏಳನೆಯ ವರ್ಷ ಅದಕ್ಕೂ ಉಸಿರಾಡಲು ಬಿಡಬೇಕು. ಕೊಯ್ಯುವಾಗ ಹೊಲದ ಮೂಲೆಗಳನ್ನು ಬರಿದು ಮಾಡಬಾರದು, ಬಿದ್ದ ತೆನೆಗೆ ಬಗ್ಗಬಾರದು, ಅದು ಬಡವರ ಪಾಲು, ಪರಸ್ಥಳದವರ ಪಾಲು. ನಮ್ಮ ಸೀಮೆಯಲ್ಲಿ ಹಕ್ಕಲು ಆಯುವ ರೂಢಿ ಇದ್ದೇ ಇದೆ. ಕೊಯ್ಲು ಆದ ಮೇಲೆ ಬಿದ್ದ ತೆನೆಗಳನ್ನು ಬಡ ಹೆಂಗಸರು ಆಯ್ದುಕೊಂಡು ಹೋಗುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ. ನೋಡಿರಿ, ವೇದ ಹೇಳುವುದೂ ಅದನ್ನೇ, ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಮೂಲೆಯನ್ನೂ ಬಿಡಿ ಅಂತ, ಎಂದೆ. ಪ್ರಸಂಗ ಚೆನ್ನಾಗಿತ್ತು ಎಂದು ನನ್ನ ಹೆಂಡತಿ ಕೂಡ ಹೇಳಿದಳು. ಅವಳು ಹಾಗೆ ಹೇಳುವುದೇ ಅಪರೂಪ.

ಸಾಮುವೇಲಪ್ಪ ಹೊಲಕ್ಕೆ ಹೋದ. ಒಂದು ಮೂಲೆಯನ್ನು ಆರಿಸಿದ. ಕೊಯ್ಯುವವರು ಗೊತ್ತಿಲ್ಲದೆ ಅದನ್ನೂ ಕೊಯ್ದುಬಿಟ್ಟಾರು ಎಂದು ಗುರುತಿಗೆ ಒಂದು ಕಲ್ಲು ನೆಟ್ಟ. ಕಲ್ಲು ದೂರಕ್ಕೆ ಕಾಣಲಿ ಎಂದು ಸುಣ್ಣ ಬಳಿದ. ಇನ್ನೂ ಸ್ಪಷ್ಟವಾಗಲಿ ಎಂದು ಅಂಚಿನ ಜೋಳದ ದಂಟುಗಳನ್ನು ಅಲ್ಲಲ್ಲಿ ಗಂಟು ಕಟ್ಟಿದ. ಕೊಯ್ಲಿಗೆ ಬಂದ ಹೆಂಗಸರಿಗೆ, ಆ ಕಡೆ ಹೋಗಬ್ಯಾಡ್ರಿ, ಅದು ಬಿಟ್ಟಿದ್ದು, ಅಂದ. ಯಾರಿಗೆ ಬಿಟ್ಟದ್ದು ಎಂದು ಹೇಳಲಿಲ್ಲ. ಬಡವರಿಗೆ ಬಿಟ್ಟಿದ್ದೇನೆ ಎಂದು ಬಡವರ ಮುಂದೆಯೇ ಹೇಳುವುದು ಡಂಬ ಆಗುತ್ತದೆ ಎಂದು ಅವನ ಯೋಚನೆ.

ಹೊಲದ ಮೂಲೆ, ಸುಣ್ಣದ ಕಲ್ಲು, ಗಂಟು ಹಾಕಿದ ದಂಟು, ಆ ಕಡೆ ಹೋಗಬ್ಯಾಡ್ರಿ. ನೀವೇ ಹೇಳಿ, ಯಾರಿಗಾದರೂ ಏನು ತಿಳಿಯುತ್ತದೆ? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕುಡುಗೋಲು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬೊಬ್ಬರೇ ಜಾರಿದರು. ಸಾಮುವೇಲಪ್ಪ ಹೊಲದಲ್ಲಿ ಯಾವುದೋ ಗಾಳಿಯನ್ನು ಕೂಡಿಸಿದ್ದಾನೆ, ಅದಕ್ಕೆ ಮೂಲೆ ಕೊಟ್ಟಿದ್ದಾನೆ ಎಂದು ಸಂಜೆಯೊಳಗೆ ಊರೆಲ್ಲ ಆಯಿತು. ಮಾರನೆಯ ದಿನದಿಂದ ಅವನ ಹೊಲಕ್ಕೆ ಆಳು ಬರುವುದು ನಿಂತಿತು. ಪಕ್ಕದ ಹೊಲದವರು ದನ ಹೊಡೆದುಕೊಂಡು ಹೋಗುವ ದಾರಿ ಬದಲಿಸಿದರು. ಜೋಳ ಬಲಿತು ಒಣಗಿ ನಿಂತಿತ್ತು. ಗುಬ್ಬಿಗಳಿಗೆ ಮಾತ್ರ ಯಾವ ಗಾಳಿಯ ಭಯವೂ ಇರಲಿಲ್ಲ, ಹಿಂಡುಗಟ್ಟಿ ಬಂದು ತಿಂದವು. ಗಂಡ ಹೆಂಡತಿ ಇಬ್ಬರೇ ಎಷ್ಟು ಕೊಯ್ದಾರು?

ನನಗೆ ಸುದ್ದಿ ಬಂದಾಗ ಮೊದಲು ನಗು ಬಂತು, ಆಮೇಲೆ ಕಳವಳ. ಸೈಕಲ್ ಹತ್ತಿ ಹೋದೆ. ಊರ ಕಟ್ಟೆಯ ಹತ್ತಿರ ಜನ ಸೇರಿಸಿ ದೊಡ್ಡ ಉಪನ್ಯಾಸ ಮಾಡಿದೆ. ಅಲ್ಲಿ ಏನೂ ಇಲ್ಲ, ಭಯಪಡಬೇಡಿ ಎಂದೆ. ಯಾರೂ ಮಿಸುಕಲಿಲ್ಲ. ನನ್ನ ಹಳೇ ಕೋಪ ಎದ್ದಿತು. ಎಲ್ಲರನ್ನೂ ಹೊಲದ ಬದುವಿನವರೆಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರಿಗೇ ಆ ಮೂಲೆಯ ಒಂದು ತೆನೆ ಮುರಿದು, ಉಜ್ಜಿ, ಕಾಳು ಬಾಯಿಗೆ ಹಾಕಿ ಅಗಿದೆ. ನೋಡಿರಿ, ನನಗೇನಾಯಿತು ಎಂದು ಎದೆ ತಟ್ಟಿಕೊಂಡೆ.

ಮಾರನೆಯ ದಿನ ಜ್ವರ. ಬಿಸಿಲಲ್ಲಿ ಸೈಕಲ್ ತುಳಿದದ್ದಕ್ಕೋ, ದಾರಿಯಲ್ಲಿ ಎಲ್ಲೆಂದರಲ್ಲಿ ನೀರು ಕುಡಿದದ್ದಕ್ಕೋ, ಹಾಸಿಗೆ ಹಿಡಿದೆ. ಕುಕ್ಕುವಾಡದಿಂದ ಸಂತೆಗೆ ಬಂದವರು ನನ್ನ ಮನೆಗೆ ಬಂದು ನೋಡಿಕೊಂಡು ಹೋದರು. ಸೌಜನ್ಯಕ್ಕೆ ಬಂದಿದ್ದಾರೆ ಎಂದು ನಾನು ಖುಷಿಪಟ್ಟೆ. ಅವರು ಬಂದದ್ದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಅಯ್ಯನವರನ್ನೇ ಹಿಡಿಯಿತಂತೆ ಎಂದು ಊರಿಗೆ ಹೋಗಿ ಹೇಳಿದರು. ಇದ್ದ ಒಬ್ಬಿಬ್ಬರು ಧೈರ್ಯಸ್ಥರೂ ಹಿಂದೆ ಸರಿದರು. ನನ್ನ ಹೆಂಡತಿ ಗಂಜಿ ಕೊಡುತ್ತಾ, ಇನ್ನೊಂದು ತೆನೆ ತಿನ್ರಿ, ಊರೇ ಖಾಲಿ ಆಗ್ತೈತೆ ಅಂದಳು.

ಆ ಹೊತ್ತಿಗೇ ಗೋದಾಮಿನ ಸಾಹುಕಾರರು ಜಾಗ ಖಾಲಿ ಮಾಡಿ ಎಂದರು. ಹತ್ತಿ ಜಾಸ್ತಿ ಬಂದಿದೆ, ಇನ್ನು ಭಾನುವಾರಕ್ಕೂ ಆಗುವುದಿಲ್ಲ ಅಂದರು. ಇನ್ನೊಂದು ಕಡೆ ಭದ್ರೆಯ ಕಾಲುವೆ ಬರುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿ. ಒಣಭೂಮಿಗೆ ತಿರುಗಿ ನೋಡದವರು ಈಗ ಕೇಳಿಕೊಂಡು ಬರುತ್ತಿದ್ದರು. ನಮ್ಮ ಹೊಲವನ್ನೂ ಕೊಳ್ಳುವವರು ಒಬ್ಬರು ಬಂದರು. ಕಮಿಟಿ ಕೂಡಿತು. ಜ್ಞಾನಪ್ಪ ಎದ್ದು ನಿಂತ. ಹೊಲ ಮಾರೋಣ, ಮಂದಿರ ಕಟ್ಟೋಣ, ಬೆಳೆದ ಬೆಳೆಯನ್ನು ಕೊಯ್ಯಲಾಗದವನ ಕೈಯಲ್ಲಿ ಹೊಲ ಇಟ್ಟು ಏನು ಮಾಡುವುದು ಎಂದ. ತಪ್ಪು ಮಾತೇನಲ್ಲ. ನಾನು ಜ್ವರದಿಂದ ಎದ್ದು ಬಂದವನು, ವೇದದಲ್ಲಿನ ಆ ಹಳೇ ರಾಜನ ಕಥೆ ತೆಗೆದೆ. ಅರಮನೆಯ ಪಕ್ಕದ ದ್ರಾಕ್ಷಿತೋಟಕ್ಕೆ ಆಸೆಪಟ್ಟು, ಪಿತ್ರಾರ್ಜಿತ ಕೊಡೆನೆಂದ ಒಕ್ಕಲನ್ನು ಕೊಲ್ಲಿಸಿದ ರಾಜನ ಕಥೆ.

ಜ್ಞಾನಪ್ಪನಿಗೆ ಅದು ನಾಟಿತು, ಆದರೆ ನಾನು ಎಣಿಸಿದ ಹಾಗಲ್ಲ. ‘ನಾನು ಅರಮನಿ ಕೇಳಿಲ್ರಿ ಅಯ್ಯನೋರೆ. ದೇವರಿಗೊಂದು ಮನಿ ಕೇಳ್ದೆ. ನನ್ನ ಮೊಮ್ಮಕ್ಕಳ ದೀಕ್ಷಾಸ್ನಾನನಾದ್ರೂ ಮನುಷ್ಯರು ಕೂಡ್ರೋ ಜಾಗದಾಗ ಆಗ್ಲಿ’ ಅಂದ. ದೇವಾಲಯ ಕಟ್ಟಿದವರ ಕಥೆಯೂ ಅದೇ ವೇದದಲ್ಲಿದೆ. ತೀರ್ಮಾನ ಮೇಲಿನವರಿಗೆ ಬಿಟ್ಟೆವು. ಈ ಸೀಮೆಯ ಸಭೆಗಳಿಗೆಲ್ಲ ಮೇಲ್ವಿಚಾರಕರಾಗಿದ್ದ ದೊಡ್ಡ ಅಯ್ಯನವರು ತಾವೇ ಬಂದು ಹೊಲ ನೋಡಿ ಹೇಳುತ್ತೇನೆ ಎಂದರು.

ಈ ವಿಷಯವನ್ನು ಸಾಮುವೇಲಪ್ಪನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಈ ವೃತ್ತಿಯಲ್ಲಿ ಇಂಥವೆಲ್ಲ ನಮ್ಮ ಪಾಲಿಗೇ ಬರುತ್ತವೆ. ಅವನು ಬದುವಿನ ಮೇಲೆ ಕೂತು ಕೇಳಿದ. ಬಿಡು ಅಂದರೆ ಬಿಡುತ್ತೇನೆ, ನಿಂತ ಬೆಳೆ ಒಂದು ಕೊಯ್ದುಕೊಳ್ಳಲು ಬಿಡಿ ಎಂದ, ಅಷ್ಟೆ. ರಾಹೇಲಮ್ಮ ಮಾತ್ರ ಸುಮ್ಮನಿರಲಿಲ್ಲ. ‘ನಮ್ಮ ಮಾವ ದೇವರಿಗೆ ಕೊಟ್ಟಿದ್ರಿ ಇದನ್ನ, ಗ್ವಾಡಿಗೆ ಕೊಟ್ಟಿದ್ದಲ್ಲ. ಈ ಮಕ್ಕಳನ್ನ ಕಟ್ಕೊಂಡು ನಾವು ಎಲ್ಲಿಗೆ ಹೋಗಾನ?’ ಅಂದಳು. ಅಳಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಹೊಲ ಹೋದರೆ ಅವರು ಬೀದಿಗೆ ಬರುವುದು ಖಂಡಿತ, ಅದನ್ನು ತಪ್ಪಿಸಲು ನನ್ನ ಕೈಯಲ್ಲಿ ಏನೂ ಇಲ್ಲ.

ಕೊಯ್ಲಾದರೂ ಆಗಲಿ ಎಂದು ನಾನೂ ರಾಹೇಲಮ್ಮನೂ ನಿಂಗವ್ವನ ಮನೆಗೆ ಹೋದೆವು. ಊರಿನಲ್ಲಿ ಕೊಯ್ಲಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ವಯಸ್ಸಾದ ಹೆಂಗಸು, ಎಲೆಅಡಿಕೆ ಬಾಯಿ. ಈ ಸಲ ನಾನು ಉಪನ್ಯಾಸ ಮಾಡಲಿಲ್ಲ. ರಾಹೇಲಮ್ಮನೇ ಹೇಳಿದಳು. ಆ ಮೂಲೆ ಗಾಳಿಗಲ್ಲ, ನಿಮಗೇ ಬಿಟ್ಟದ್ದು, ನಮ್ಮ ವೇದದಲ್ಲಿ ಹಾಗೆ ಇದೆ, ಇವರು ನಾಚಿಕೊಂಡು ಬಾಯಿ ಬಿಡಲಿಲ್ಲ ಎಂದು. ನಿಂಗವ್ವ ಎದ್ದು ಹೋಗಿ ಎಲೆಅಡಿಕೆ ಉಗುಳಿ ಬಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

‘ಅಯ್ಯ ನಮ್ಮವ್ವ, ನಮಗೆ ಕೊಡಾಕೆ ಸುಣ್ಣದ ಕಲ್ಲು ಯಾಕ ಬೇಕು? ಬಾಗ್ಲಿಗೆ ಬಂದು ಕರೀಬೇಕವ್ವ. ಬಿಟ್ಟಿದ್ದನ್ನ ದೆವ್ವ ತಿಂತೈತೆ, ಕರೆದಿದ್ದಕ್ಕೆ ಮನುಷ್ಯರು ಬರ್ತಾರೆ.’

ನಾನು ಸೆಮಿನರಿಯಲ್ಲಿ ಆ ಭಾಗವನ್ನು ಎಷ್ಟು ಸಲ ಓದಿದ್ದೆ. ಮೂಲೆ ಬಿಡುವುದು ಅರ್ಧ ಕೆಲಸ, ಕರೆಯುವುದು ಇನ್ನರ್ಧ ಎಂದು ನನಗೆ ಹೊಳೆದಿರಲಿಲ್ಲ. ಆಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಸಂತೆಯಲ್ಲಿ ನಿಂತು ಸಾರುವುದು ಕಡಿಮೆ ಮಾಡಿ, ಮನೆಯ ಬಾಗಿಲಿಗೆ ಹೋಗುವುದು ಜಾಸ್ತಿ ಮಾಡಿದೆ. ರಾಹೇಲಮ್ಮ ಅವತ್ತೇ ಬಾಗಿಲು ಬಾಗಿಲಿಗೆ ಹೋಗಿ ಕರೆದಳು. ಸಾಮುವೇಲಪ್ಪ ಕಲ್ಲು ಕಿತ್ತು ಹಳ್ಳಕ್ಕೆ ಎಸೆದ, ದಂಟಿನ ಗಂಟುಗಳನ್ನು ಬಿಚ್ಚಿದ. ಬರುತ್ತೇವೆ ಎಂದವರು ಕೆಲವರೇ. ಮಿಕ್ಕವರು ನಿಂಗವ್ವನಿಗೆ ಏನಾಗುತ್ತದೆ ನೋಡೋಣ ಎಂದು ಕೂತರು.

ದೊಡ್ಡ ಅಯ್ಯನವರು ಮೈಸೂರು ಕಡೆಯವರು. ಕರಿ ಕೋಟು, ಕೈಯಲ್ಲಿ ಛತ್ರಿ. ತಡ ಮಾಡಿದವರನ್ನು ಕಂಡರೆ ಆಗುತ್ತಿರಲಿಲ್ಲ. ನನ್ನನ್ನು ಎಷ್ಟೋ ಸಲ ಬೈದಿದ್ದಾರೆ, ಆದರೆ ಬೆನ್ನ ಹಿಂದೆ ಒಂದು ಮಾತು ಆಡಿದವರಲ್ಲ. ಅವರು ಬಂದ ದಿನ ಅವರು, ನಾನು, ಜ್ಞಾನಪ್ಪ ಮೂವರೂ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದು ಹೊಲ ಸೇರಿದೆವು. ಕೊಳ್ಳುವವರಿಗೆ ಮಧ್ಯಾಹ್ನ ಹೇಳಿಕಳಿಸುವುದೆಂದು ಮಾತಾಗಿತ್ತು. ಅಂದರೆ ಅವತ್ತು ಮಧ್ಯಾಹ್ನದೊಳಗೆ ಸಾಮುವೇಲಪ್ಪನ ಹಣೆಬರಹ ತೀರ್ಮಾನವಾಗಬೇಕು. ಅವನು ಕೈಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದ. ದೊಡ್ಡ ಅಯ್ಯನವರು ಮಣ್ಣು ಮುಟ್ಟಿ ನೋಡಿದರು, ಒಣಗಿ ನಿಂತ ಜೋಳ ನೋಡಿದರು, ಗುಬ್ಬಿ ತಿಂದು ಬೋಳಾದ ತೆನೆಗಳನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು.

ಮೂಲೆಯಲ್ಲಿ ನಿಂಗವ್ವ ಮತ್ತೆ ಕೆಲವು ಹೆಂಗಸರು ಕೊಯ್ಯುತ್ತಿದ್ದರು. ನಮ್ಮನ್ನು ಕಂಡು ನಿಂಗವ್ವ ಬೆನ್ನು ನೆಟ್ಟಗೆ ಮಾಡಿದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಜ್ಞಾನಪ್ಪನನ್ನು ನೋಡಿದಳು. ನೀನು ದಾನಮ್ಮನ ಮಗ ಅಲ್ಲೇನೋ ಎಂದು ಕೇಳಿದಳು. ಜ್ಞಾನಪ್ಪ ಹೌದು ಅಂದ. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು, ಆ ಹೆಸರು ಹಿಡಿದು ಅವನನ್ನು ಕರೆಯುವವರು ದಾವಣಗೆರೆಯಲ್ಲಿ ಯಾರೂ ಇರಲಿಲ್ಲ. ನಿಂಗವ್ವ ಹತ್ತಿರ ಬಂದಳು.

‘ನಿಮ್ಮವ್ವ ನಿನ್ನ ಬೆನ್ನಿಗೆ ಕಟ್ಕೊಂಡು ಇದೇ ಹೊಲದಾಗ ಹಕ್ಕಲು ಆಯ್ತಿದ್ಲಪ್ಪ. ನಾನೂ ಅಕೀ ಜೋಡಿ ಇರ್ತಿದ್ದೆ. ಈ ಸಾಮುವೇಲಪ್ಪನ ಅಪ್ಪ ಇದ್ನಲ್ಲ, ಕೊಯ್ದು ಕಟ್ಟಿದ ಜೋಳದ ಸೂಡು ಹೊತ್ಕೊಂಡು ಹೋಗೋವಾಗ ಬೇಕಂತ್ಲೆ ತೆನಿ ಕೆಡವ್ತಿದ್ದ. ಹಿಂದಕ್ಕೆ ತಿರುಗೀನೂ ನೋಡ್ತಿರ್ಲಿಲ್ಲ. ಆ ಬರದ ವರ್ಷ ನೀನು ಬದುಕಿದ್ದೇ ಆ ಜೋಳದಾಗ.’

ಹೇಳಿ ತನ್ನ ಮಡಿಲಿನಿಂದ ಒಂದಿಷ್ಟು ತೆನೆ ತೆಗೆದು ಅವನ ಕೈಗೆ ಕೊಟ್ಟು, ಮತ್ತೆ ಕೊಯ್ಯಲು ಹೋದಳು. ಅವಳಿಗೆ ಮಾರಾಟದ ಸುದ್ದಿ ಗೊತ್ತಿರಲಿಲ್ಲ. ಹಳೇ ಗೆಳತಿಯ ಮಗನನ್ನು ಕಂಡ ಸಂತೋಷ, ಅಷ್ಟೆ.

ಜ್ಞಾನಪ್ಪ ಆ ತೆನೆಗಳನ್ನು ಹಿಡಿದುಕೊಂಡು ನಿಂತೇ ಇದ್ದ. ಬೀದಿಗೆಲ್ಲ ಕೇಳುವ ಗಂಟಲಿನವನು, ಅವತ್ತು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳದ ಹಾಗೆ ಸಾಮುವೇಲಪ್ಪನನ್ನು ಕೇಳಿದ, ನಿಮ್ಮಪ್ಪ ಹಂಗ ಮಾಡ್ತಿದ್ನಾ ಎಂದು. ಮಾಡುತ್ತಿದ್ದ, ಯಾರಿಗೂ ಹೇಳಬೇಡ ಅನ್ನುತ್ತಿದ್ದ ಎಂದು ಸಾಮುವೇಲಪ್ಪ ಹೇಳಿದ. ಜ್ಞಾನಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ನಮ್ಮವ್ವ ನನಗೆ ಒಂದು ದಿನಾನೂ ಹೇಳಲಿಲ್ಲ ಎಂದು ನನ್ನ ಕಡೆ ತಿರುಗಿ ಅಂದ. ಅತ್ತೇಬಿಟ್ಟ. ನನಗೂ ಕಣ್ಣು ತುಂಬಿ ಬಂತು, ಈಗ ಬರೆಯುವಾಗಲೂ ಬರುತ್ತದೆ.

ದೊಡ್ಡ ಅಯ್ಯನವರು, ಕಮಿಟಿಯ ಅಭಿಪ್ರಾಯ ಏನಪ್ಪಾ ಸೆಕ್ರೆಟರಿ, ಎಂದು ಕೇಳಿದರು. ಜ್ಞಾನಪ್ಪ ಗಂಟಲು ಸರಿಮಾಡಿಕೊಂಡ. ‘ಮಾರ್ಬೇಕು ಅಂತ ಇತ್ರಿ. ಮಾರ್ಬೇಕು ಅಂದೋನು ನಾನೇ. ಈಗ ನಾನೇ ಬ್ಯಾಡ ಅಂತೀನಿ. ಇದನ್ನ ಮಾರಿ ಕಟ್ಟಿದ ಗುಡಿಯೊಳಗ ನಂಗೆ ಕೂಡ್ರಕಾಗಲ್ರಿ.’

ಗೋದಾಮು ಬಿಡಬೇಕಲ್ಲ, ಹಾಗಾದರೆ ಈ ಭಾನುವಾರ ಎಲ್ಲಿ ಕೂತುಕೊಳ್ಳುತ್ತೀರಿ ಎಂದು ಅವರು ಕೇಳಿದರು. ಇಲ್ಲೇ ಕೂತುಕೊಳ್ಳುತ್ತೇವೆ, ಮಿಲ್ಲಿನವರನ್ನೆಲ್ಲ ಕರೆದುಕೊಂಡು ಬರುತ್ತೇನೆ, ಕೊಯ್ಲು ನಿಂತಿದೆಯಲ್ಲ ಎಂದ ಜ್ಞಾನಪ್ಪ. ಭಾನುವಾರ ಕರ್ತನ ದಿನ, ಕೆಲಸ ಮಾಡಬಾರದ ದಿನ, ಅವತ್ತು ಕುಡುಗೋಲು ಹಿಡಿಯುವುದು ಎಂದರೆ ದೊಡ್ಡ ಅಯ್ಯನವರು ಒಪ್ಪುವವರಲ್ಲ. ಆದರೆ ಮಿಲ್ಲಿನವರಿಗೆ ರಜೆ ಇರುವುದೂ ಅವತ್ತೇ. ಅವರು ಛತ್ರಿಯ ತುದಿಯಿಂದ ಮಣ್ಣು ಕೆದಕುತ್ತಾ ನಿಂತರು. ಆಮೇಲೆ, ‘ಸಬ್ಬತ್ ದಿನ ಶಿಷ್ಯರು ತೆನೆ ಕಿತ್ತಾಗ ಪ್ರಭು ಅವರ ಪರ ಮಾತಾಡಲಿಲ್ವಾ? ಕೊಯ್ಯಿರಿ. ಯಾರಾದ್ರೂ ಕೇಳಿದ್ರೆ ನಾನು ಉತ್ತರ ಹೇಳ್ತೀನಿ’ ಅಂದರು. ಅವರು ನನಗೆ ಬೈಯದೆ ಹೋದ ಭೇಟಿ ಅದೊಂದೇ. ಹೋದರು ಎಂದೆನಲ್ಲ, ಹೋಗಲಿಲ್ಲ, ಭಾನುವಾರದವರೆಗೆ ಉಳಿದರು.

ಮಂದಿರ ಏನಾಯಿತು ಎಂದು ಹುಡುಗರು ಕೇಳುತ್ತಾರೆ. ಎದ್ದಿತು. ಬಹಳ ತಡವಾಗಿ, ಆವರಗೆರೆ ಕಡೆ ಒಂದು ಸಣ್ಣ ಜಾಗದಲ್ಲಿ, ಮಿಲ್ಲಿನವರೇ ಪಾಳಿ ಮುಗಿಸಿ ಬಂದು ಇಟ್ಟಿಗೆ ಹೊತ್ತು ಕಟ್ಟಿದ್ದು. ಅಲ್ಲಿಯವರೆಗೆ ಅವರಿವರ ಅಂಗಳದಲ್ಲಿ, ಮರದಡಿಯಲ್ಲಿ ಕೂತೆವು. ಜ್ಞಾನಪ್ಪ ತನ್ನ ಮೊಮ್ಮಗಳ ದೀಕ್ಷಾಸ್ನಾನವನ್ನು ಅಂಗಳದಲ್ಲೇ ಮಾಡಿಸಿದ. ನಕ್ಕವರು ನಗಲಿ ಎಂದ.

ಆ ಭಾನುವಾರ ದಾವಣಗೆರೆಯಿಂದ ಗಾಡಿ ಕಟ್ಟಿಕೊಂಡು ಸಭೆಯ ಸಭೆಯೇ ಬಂತು. ಬದುವಿನ ಮೇಲೆ ಕೂತು ಚಿಕ್ಕದಾಗಿ ಆರಾಧನೆ ಮುಗಿಸಿದೆವು, ಅರಳೆ ಇಲ್ಲದ ಗಾಳಿಯಲ್ಲಿ ಯಾರಿಗೂ ಕೆಮ್ಮು ಬರಲಿಲ್ಲ. ಆಮೇಲೆ ಎಲ್ಲರೂ ಹೊಲಕ್ಕೆ ಇಳಿದರು. ನಿಂಗವ್ವನಿಗೆ ಏನೂ ಆಗಿಲ್ಲ ಎಂದು ಖಾತ್ರಿಯಾದ ಊರ ಹೆಂಗಸರೂ ಹಕ್ಕಲಿಗೆಂದು ಬಂದು ಅಂಚಿನಲ್ಲಿ ಕೂತರು. ದೊಡ್ಡ ಅಯ್ಯನವರು ಕೋಟು ಬಿಚ್ಚಿ ಸೂಡು ಕಟ್ಟಲು ನಿಂತರು, ಅವರು ಕಟ್ಟಿದ ಸೂಡುಗಳೆಲ್ಲ ಕಣಕ್ಕೆ ಹೋಗುವ ದಾರಿಯಲ್ಲೇ ಬಿಚ್ಚಿಕೊಂಡವು. ನಮ್ಮ ಮಿಲ್ಲಿನವರೋ, ಎಷ್ಟೋ ವರ್ಷ ನೂಲು ಹಿಡಿದ ಕೈಗಳು. ಕುಡುಗೋಲು ಹಾಕಿದರೆ ದಂಟು ಒಂದು ಕಡೆ, ತೆನೆ ಒಂದು ಕಡೆ. ಮುಂದೆ ಹೋದಷ್ಟೂ ಹಿಂದೆ ತೆನೆ ಉದುರುತ್ತಿತ್ತು. ಜ್ಞಾನಪ್ಪ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಕೆಟ್ಟದಾಗಿ ಕೊಯ್ಯುತ್ತಿದ್ದ. ಅವನು ಕೈಲಾಗದೆ ಕೆಡವುತ್ತಿದ್ದನೋ ಬೇಕೆಂದೇ ಕೆಡವುತ್ತಿದ್ದನೋ ನಾನು ಕೇಳಲಿಲ್ಲ. ಊರ ಹೆಂಗಸರು ಹಿಂದೆಯೇ ನಗುತ್ತಾ ಆಯುತ್ತಾ ಬಂದರು, ಮಡಿಲು ತುಂಬಿ ಬುಟ್ಟಿ ತಂದರು.

ಕಡೆಗೆ ನಿಂಗವ್ವ ಸೊಂಟಕ್ಕೆ ಕೈಕೊಟ್ಟು ನಿಂತು ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

‘ಸಾಮುವೇಲಪ್ಪ, ನಿಮ್ಮ ದೇವರಿಗೆ ಹೇಳಪ್ಪ, ಇನ್ನು ಮೂಲಿ ಬಿಡಾದು ಬ್ಯಾಡ ಅಂತ. ವರ್ಷಕ್ಕೊಂದು ಸಲ ಇವರನ್ನ ಕಳಿಸಿದ್ರೆ ಸಾಕು, ಹೊಲ ಪೂರಾ ಹಕ್ಕಲೇ ಆಗ್ತೈತೆ.’

ಸಾಮುವೇಲಪ್ಪ ನಕ್ಕ. ಅವನು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮುಂದಿನ ಹಿಂಗಾರಿಗೆ ಆ ಹೊಲ ಬಿತ್ತಿದವನು ಅವನೇ.